ಹೇಗಾಯ್ತು ಅಂತ ಕೇಳುವುದು

ಯಾರ ಮನೆಯಲ್ಲಾದರೂ ಸಾವಾದರೆ ನಮ್ಮ ಕಡೆ "ಹೋಗಿ ಮಾತಾಡಿಸ್ಕೊಂಡು ಬರೋಣ" ಅನ್ನುತ್ತಾರೆ. ಸಮಾಧಾನ ಹೇಳಿ ಬರೋಣ ಅನ್ನುವುದಿಲ್ಲ. ಮಾತಾಡಿಸಿಕೊಂಡು ಬರುವುದು. ಈ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಅದರ ಅರ್ಥ ಗೊತ್ತಾಗಿದ್ದು ಮಾತ್ರ 2021ರ ಜೂನ್ ತಿಂಗಳಲ್ಲಿ. ಆಗ ನನಗೆ ನಲವತ್ತೆರಡು ವರ್ಷ.

ನನ್ನ ಸೋದರಮಾವ ಕೆಇಬಿಯಲ್ಲಿ ಲೈನ್‌ಮನ್ ಆಗಿದ್ದರು. ಕೆಇಬಿ ಹೋಗಿ ಬೆಸ್ಕಾಂ ಬಂದು ಎಷ್ಟೋ ವರ್ಷ ಆದರೂ ಅವರ ಬಾಯಲ್ಲಿ ಅದು ಕೊನೆತನಕ ಕೆಇಬಿಯೇ. ಹುಟ್ಟೂರು ಚನ್ನರಾಯಪಟ್ಟಣದ ಹತ್ತಿರದ ಒಂದು ಹಳ್ಳಿ. ನೌಕರಿ, ಮನೆ ಎಲ್ಲ ಬೆಂಗಳೂರಿನಲ್ಲಿ. ನಾನು ಡಿಗ್ರಿ ಓದಿದ್ದು ಹನುಮಂತನಗರದ ಅವರ ಬಾಡಿಗೆ ಮನೆಯಲ್ಲಿ ಇದ್ದುಕೊಂಡೇ.

ಆ ಮನೆಯ ಬೀರುವಿನ ಮೇಲೆ ಒಂದು ಖಾಕಿ ಚೀಲ ಸದಾ ತಯಾರಾಗಿರುತ್ತಿತ್ತು. ಒಳಗೆ ಒಂದು ಪಂಚೆ, ಒಂದು ಟವೆಲ್, ಕೊಡೆ, ಒಂದಿಷ್ಟು ಚಿಲ್ಲರೆ. ಊರಿಂದ ಯಾರದಾದರೂ ಸಾವಿನ ಸುದ್ದಿ ಬಂದರೆ ಮಾವ ಆ ಚೀಲ ತಗೊಂಡು ನೇರ ಮೆಜೆಸ್ಟಿಕ್‌ಗೆ ಹೊರಡುತ್ತಿದ್ದರು. ರಾತ್ರಿ ಎರಡು ಗಂಟೆಯಾದರೂ ಸರಿ. "ಮದುವೆಗೆ ಕರೆದ್ರೆ ಹೋಗು, ಸಾವಿಗೆ ಕರೀದಿದ್ರೂ ಹೋಗು" ಅನ್ನೋರು. ಅಲ್ಲಿ ಹೋಗಿ ಬಿದಿರು ತರಿಸುವುದು, ಚಟ್ಟ ಕಟ್ಟುವುದು, ಯಾರಿಗೆ ಸುದ್ದಿ ಮುಟ್ಟಿಲ್ಲ ಅಂತ ನೋಡುವುದು, ಎಲ್ಲ ಅವರದೇ. ವಾಪಸ್ ಬಂದಾಗ ಅತ್ತೆ ಹೊರಗಿನ ಬಚ್ಚಲಲ್ಲಿ ನೀರು ಕಾಯಿಸಿ ಇಟ್ಟಿರುತ್ತಿದ್ದರು.

ಒಂದು ಸಲ ನನ್ನನ್ನೂ ಕರೆದುಕೊಂಡು ಹೋದರು. ನನಗೆ ಹತ್ತೊಂಬತ್ತು. ಅವರ ಜೊತೆ ಕೆಲಸ ಮಾಡುತ್ತಿದ್ದವರ ಮಗ ಅಪಘಾತದಲ್ಲಿ ತೀರಿಕೊಂಡಿದ್ದ. ಬಂದ ಹೆಂಗಸರೆಲ್ಲ ಆ ತಾಯಿಯ ಕೈ ಹಿಡಿದು "ಹೇಗಾಯ್ತು?" ಅಂತ ಕೇಳುತ್ತಿದ್ದರು. ಆಕೆ ಪ್ರತಿ ಸಲ ಮೊದಲಿಂದ ಹೇಳೋರು. ಬೆಳಿಗ್ಗೆ ತಿಂಡಿ ತಿಂದು ಹೋದದ್ದು, ಹೆಲ್ಮೆಟ್ ಮನೆಯಲ್ಲೇ ಬಿಟ್ಟದ್ದು, ಫೋನ್ ಬಂದದ್ದು. ಪ್ರತಿ ಸಲ ಅದೇ ಜಾಗಕ್ಕೆ ಬಂದಾಗ ಅಳು. ನಾನು ಎಣಿಸಿದೆ, ಹನ್ನೊಂದು ಸಲ. ನನಗೆ ತಡೆಯಲಾಗಲಿಲ್ಲ. ಗಾಯವನ್ನು ಕೆರೆದು ಕೆರೆದು ನೋಡುತ್ತಿದ್ದಾರೆ ಅನ್ನಿಸಿತು. ವಾಪಸ್ ಬರುವಾಗ ಬಸ್ಸಿನಲ್ಲಿ ಮಾವನ ಜೊತೆ ಜಗಳವಾಡಿದೆ. ಇನ್ನು ಯಾವ ಸಾವಿನ ಮನೆಗೂ ನನ್ನನ್ನು ಕರೀಬೇಡಿ ಅಂದೆ. ಮಾವ ಏನೂ ಹೇಳಲಿಲ್ಲ. ನಾನು ಹೇಳಿದ ಹಾಗೇ ನಡೆದುಕೊಂಡೆ. ಕೆಲಸಕ್ಕೆ ಸೇರಿ, ಮದುವೆಯಾಗಿ, ಕೆಂಗೇರಿ ಉಪನಗರಕ್ಕೆ ಬಂದ ಮೇಲೂ ಅಷ್ಟೆ. ಯಾರಾದರೂ ಹೋದರೆ ಫೋನಿನಲ್ಲಿ ಎರಡು ಸಾಲು ಬರೆದು ಕಳಿಸುತ್ತಿದ್ದೆ.

ಕೊರೋನಾದ ಮೊದಲ ಸುದ್ದಿಗಳು ಬಂದ ದಿನಗಳು ನೆನಪಿವೆ. ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯಲ್ಲೇ ಆಯಿತು, 2020ರ ಮಾರ್ಚ್ 10ರಂದು. ತೀರಿಕೊಂಡವರಿಗೆ 76 ವರ್ಷ. ನಾವೆಲ್ಲ ರೋಗದ ಬಗ್ಗೆ ಮಾತಾಡುತ್ತಿದ್ದೆವು. ಹೇಗೆ ಹರಡುತ್ತೆ, ಎಷ್ಟು ಮೀಟರ್ ದೂರ ನಿಲ್ಲಬೇಕು. ಮಾವ ಪೇಪರ್ ಮಡಚಿಟ್ಟು, "ಪಾಪ, ಅವರ ಮನೆಗೆ ಈಗ ಯಾರು ಹೋಗ್ತಾರೆ?" ಅಂದರು. ಆವತ್ತು ಆ ಮಾತು ನನ್ನ ಕಿವಿಗೆ ಬಿತ್ತು, ಮನಸ್ಸಿಗೆ ಇಳಿಯಲಿಲ್ಲ.

ಮಾರ್ಚ್ 24ರ ರಾತ್ರಿ ಎಂಟಕ್ಕೆ ಪ್ರಧಾನಿ ಮಾತಾಡಿದರು. ಮಧ್ಯರಾತ್ರಿಯಿಂದ 21 ದಿನ ಎಲ್ಲ ಬಂದ್. ಮುಂದಿನದ್ದು ನಿಮಗೂ ಗೊತ್ತು. ಹಾಲಿನ ಪ್ಯಾಕೆಟ್ ಸೋಪಿನಲ್ಲಿ ತೊಳೆದದ್ದು, ಸೊಪ್ಪನ್ನು ಉಪ್ಪುನೀರಿನಲ್ಲಿ ನೆನೆಸಿದ್ದು, ಮಗಳ ಶಾಲೆ ಮೊಬೈಲಿನೊಳಗೆ ಬಂದದ್ದು. ಆಗ ನಾನು ಡೈರಿಯಲ್ಲಿ ಒಂದು ಪಟ್ಟಿ ಬರೆದಿದ್ದೆ, ಈ ಕಾಲ ಕಲಿಸಿದ ಪಾಠಗಳು ಅಂತ. ಕಡಿಮೆಯಲ್ಲಿ ಬದುಕಬಹುದು, ಮನೆಯವರ ಜೊತೆ ಜಾಸ್ತಿ ಹೊತ್ತು ಇರಬೇಕು, ಹೀಗೆ. ಅದರಲ್ಲಿ ಒಂದೂ ಉಳಿಯಲಿಲ್ಲ. ರಸ್ತೆ ತೆರೆಯಿತು, ನಾವು ಮೊದಲಿನ ಹಾಗೇ ಆದೆವು. ಅದಕ್ಕೆ ನನಗೇನೂ ಬೇಜಾರಿಲ್ಲ. ಅವು ಮನೆಯೊಳಗೆ ಸುರಕ್ಷಿತವಾಗಿ ಕೂತವಳು ಕಲಿತ ಪಾಠಗಳು.

ಆ ಏಪ್ರಿಲ್‌ನಲ್ಲಿ ಊರಲ್ಲಿ ಮಾವನ ದಾಯಾದಿ ಅಣ್ಣ ಒಬ್ಬರು ತೀರಿಕೊಂಡರು. ಕೊರೋನಾ ಅಲ್ಲ, ಹೃದಯಾಘಾತ. ಮಾವನಿಗೆ ಹೋಗಲಾಗಲಿಲ್ಲ. ಬಸ್ಸಿಲ್ಲ, ಪಾಸ್ ಸಿಗಲಿಲ್ಲ. ಖಾಕಿ ಚೀಲವನ್ನು ಬೀರುವಿನಿಂದ ಇಳಿಸಿ ಬಾಗಿಲ ಪಕ್ಕ ಇಟ್ಟು, ಮೂರು ದಿನ ತಾರಸಿ ಮೇಲೆ ಓಡಾಡಿದರಂತೆ. ಅತ್ತೆ ಫೋನಿನಲ್ಲಿ ಹೇಳಿದರು.

ಮೇ 19ಕ್ಕೆ ರಾಜ್ಯದೊಳಗೆ ಕೆಎಸ್‌ಆರ್‌ಟಿಸಿ ಬಸ್ ಶುರುವಾಯಿತು. ಒಂದು ಬಸ್ಸಿಗೆ 30 ಜನ ಮಾತ್ರ. ಮಾವ ಆ ವಾರವೇ ಹೊರಟರು. ಅರವತ್ತೆಂಟು ವರ್ಷ, ಸಕ್ಕರೆ ಕಾಯಿಲೆ ಬೇರೆ. ನನಗೆ ತುಂಬಾ ಸಿಟ್ಟು ಬಂತು. "ಸಾವಾಗಿ ಒಂದು ತಿಂಗಳ ಮೇಲಾಯ್ತಲ್ಲ ಮಾವ. ತಿಥಿಯೂ ಮುಗೀತು. ಈಗ ಹೋಗಿ ಏನು ಮಾಡ್ತೀರಿ?" ಅಂದೆ.

"ಅವರ ಮನೇಲಿ ಇನ್ನೂ ಯಾರೂ ಕೇಳೇ ಇಲ್ಲ ಕಣಮ್ಮ" ಅಂದರು. ಅಷ್ಟೇ ಹೇಳಿ ಫೋನ್ ಇಟ್ಟರು.

2021ರ ಮಾರ್ಚ್‌ನಲ್ಲಿ ಅರವತ್ತು ದಾಟಿದವರಿಗೆ ಲಸಿಕೆ ಶುರುವಾಯಿತು. ಮಾವ, ಅತ್ತೆ ಇಬ್ಬರೂ ತಿಂಗಳ ಕೊನೆಗೆ ಮೊದಲ ಡೋಸ್ ಹಾಕಿಸಿಕೊಂಡರು. ಎರಡನೆಯದು ಮೇ ತಿಂಗಳಲ್ಲಿ ಇತ್ತು. ಅಷ್ಟರೊಳಗೆ ಎರಡನೇ ಅಲೆ ಬಂತು. ಏಪ್ರಿಲ್ ಕೊನೆಯಲ್ಲಿ ಇಬ್ಬರಿಗೂ ಜ್ವರ. ಪರೀಕ್ಷೆಯ ಫಲಿತಾಂಶ ಬರುವುದಕ್ಕೆ ಕಾಯಬೇಕು, ಬಂದ ಮೇಲೆ ಬಿಯು ನಂಬರಿಗೆ, ಅಂದರೆ ಆಸ್ಪತ್ರೆಗೆ ಸೇರಲು ಬೇಕಾಗಿದ್ದ ರೋಗಿಯ ಸಂಖ್ಯೆಗೆ ಕಾಯಬೇಕು, ಆಮೇಲೆ ಹಾಸಿಗೆಗೆ. ಬೆಂಗಳೂರಿನಲ್ಲಿ ಆ ದಿನಗಳನ್ನು ಕಳೆದ ಯಾರಿಗೂ ಇದನ್ನು ವಿವರಿಸಬೇಕಿಲ್ಲ. ನನ್ನ ಕೈಯಲ್ಲಿ ಇದ್ದದ್ದು ಫೋನ್ ಮತ್ತು ಅಂಕಿಗಳು. ಅತ್ತೆ ಗಂಟೆಗೊಂದು ಸಲ ಮಾವನ ಬೆರಳಿನ ಆಕ್ಸಿಮೀಟರ್ ನೋಡಿ ಹೇಳೋರು. 93. 90. ಬೋರಲು ಮಲಗಿಸಿ ಅಂದೆ. 88. ಕೊನೆಗೆ ಒಂದು ಆಸ್ಪತ್ರೆಯಲ್ಲಿ ಜಾಗ ಸಿಕ್ಕಿತು. ಆಂಬುಲೆನ್ಸ್ ಬರುವಾಗ 84. ನಾಲ್ಕು ದಿನ ಇದ್ದರು. ಮೇ ತಿಂಗಳ ಮೊದಲ ವಾರದಲ್ಲಿ, ಬೆಳಗಿನ ಜಾವ, ಹೋಗಿಬಿಟ್ಟರು.

ಆಗ ನಿಯಮ ಹೇಗಿತ್ತೆಂದರೆ ಮದುವೆಗೆ 50 ಜನ, ಶವಸಂಸ್ಕಾರಕ್ಕೆ 5 ಜನ. ನಮಗೆ ಐದು ಜನವೂ ಸಿಗಲಿಲ್ಲ. ಅತ್ತೆಗೆ ಇನ್ನೂ ಪಾಸಿಟಿವ್, ಮನೆಯಲ್ಲೇ ಪ್ರತ್ಯೇಕ. ಒಬ್ಬಳೇ ಮಗಳು ಮೆಲ್ಬರ್ನ್‌ನಲ್ಲಿ. ಆಸ್ಟ್ರೇಲಿಯಾ ಆ ಹೊತ್ತಿಗೆ ಭಾರತದಿಂದ ಹೋಗುವ ವಿಮಾನಗಳನ್ನೇ ನಿಲ್ಲಿಸಿತ್ತು, ತನ್ನ ನಾಗರಿಕರಿಗೂ ಬಾಗಿಲು ಹಾಕಿತ್ತು. ಅಲ್ಲಿಂದ ಹೊರಡಬೇಕಾದರೂ ವಿಶೇಷ ಅನುಮತಿ ಬೇಕು. ಊರಿನವರು ಬರಲು ರಸ್ತೆಯಲ್ಲಿ ಅಡೆತಡೆ, ಜೊತೆಗೆ ಭಯ. ನಮ್ಮನೆಯವರು ಒಬ್ಬರೇ ಹೋದರು.

ನಗರದ ವಿದ್ಯುತ್ ಚಿತಾಗಾರಗಳ ಮುಂದೆ ಸಾಲು ಇದ್ದಿದ್ದರಿಂದ ಹೊರವಲಯದಲ್ಲಿ ತಾವರೆಕೆರೆ, ಗಿಡ್ಡೇನಹಳ್ಳಿ ಕಡೆ ಬಯಲಲ್ಲೇ ದಹನಕ್ಕೆ ವ್ಯವಸ್ಥೆ ಮಾಡಿದ್ದರು. ತಾವರೆಕೆರೆಗೆ ಕರೆದುಕೊಂಡು ಹೋದರು. ಪಿಪಿಇ ಕಿಟ್ ಹಾಕಿಕೊಂಡ ನಾಲ್ಕು ಜನ ಸ್ವಯಂಸೇವಕ ಹುಡುಗರು ಮಾವನನ್ನು ಇಳಿಸಿದರು. ರಂಜಾನ್ ತಿಂಗಳು ಅದು. ಅವರಲ್ಲಿ ಇಬ್ಬರು ಉಪವಾಸ ಇದ್ದರಂತೆ. ಮೇ ತಿಂಗಳ ಬಿಸಿಲು, ಮೈತುಂಬಾ ಪ್ಲಾಸ್ಟಿಕ್, ಬಾಯಿಗೆ ಒಂದು ಹನಿ ನೀರಿಲ್ಲ. ಒಬ್ಬ ಹುಡುಗ ನಮ್ಮನೆಯವರ ಹತ್ತಿರ ಬಂದು, "ಅಂಕಲ್ ಹೆಸರೇನು ಸಾರ್?" ಅಂತ ಕೇಳಿದನಂತೆ. ಹೆಸರು ಹೇಳಿದ ಮೇಲೆ ಹೋಗಿ ಉಳಿದ ಮೂವರಿಗೂ ಹೇಳಿದನಂತೆ. ಇನ್ನೂರು ಸಾವಿಗೆ ಹೋದ ಮನುಷ್ಯನಿಗೆ ಹೆಗಲು ಕೊಟ್ಟವರು ಆ ನಾಲ್ವರು. ಅವರ ಮುಖ ನಮಗೆ ಗೊತ್ತಿಲ್ಲ. ನಾನು ಬದುಕಿರುವವರೆಗೂ ಅವರ ಋಣ ನನ್ನ ಮೇಲಿದೆ.

ಮಾರನೇ ದಿನ ಅಸ್ಥಿ ತಂದರು. ಅಸ್ಥಿಯನ್ನು ಮನೆಯೊಳಗೆ ತರುವಂತಿಲ್ಲ. ಶ್ರೀರಂಗಪಟ್ಟಣಕ್ಕೆ ಹೋಗಿ ಬಿಡೋಣ ಅಂದುಕೊಳ್ಳುವಷ್ಟರಲ್ಲಿ ಜಿಲ್ಲೆ ದಾಟುವಂತಿಲ್ಲ ಅಂತಾಯಿತು. ಕುಡಿಕೆಯನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ, ಅತ್ತೆ ಮನೆಯ ಕಾಂಪೌಂಡಿನ ತೆಂಗಿನ ಮರಕ್ಕೆ ನೇತು ಹಾಕಿ ಬಂದರು. ಅತ್ತೆಯ ಅಡುಗೆಮನೆ ಕಿಟಕಿಗೆ ಆ ಮರ ನೇರ ಕಾಣುತ್ತೆ. ಒಂದು ತಿಂಗಳ ಮೇಲೆ ಅದು ಅಲ್ಲೇ ಇತ್ತು.

ಈಗ ನನ್ನ ವಿಷಯ ಹೇಳಬೇಕು.

ನಾನು ಹೋಗಲಿಲ್ಲ. ಮೊದಲ ಎರಡು ವಾರ ಸರಿ. ತಾವರೆಕೆರೆಯಿಂದ ಬಂದ ನಮ್ಮನೆಯವರು ಒಂದು ಕೋಣೆಯಲ್ಲಿ ಇದ್ದರು, ಹತ್ತು ವರ್ಷದ ಮಗಳು ಇದ್ದಳು, ಭಯ ಇತ್ತು. ಆದರೆ ಮೇ 20ರ ಹೊತ್ತಿಗೆ ಅತ್ತೆ ಹುಷಾರಾಗಿದ್ದರು. ನಮ್ಮನೆಯವರೂ ಕೋಣೆಯಿಂದ ಹೊರಗೆ ಬಂದಿದ್ದರು. ಪೊಲೀಸರು ಗಾಡಿ ಹಿಡಿಯುತ್ತಿದ್ದರು ನಿಜ, ಔಷಧಿ ಕೊಡಲು ಹೋಗುವವರನ್ನು ಬಿಡುತ್ತಿದ್ದರು. ಅತ್ತೆಯ ಬಿಪಿ ಮಾತ್ರೆ ಮುಗಿದಿತ್ತು. ಅದನ್ನು ಹಿಡಿದುಕೊಂಡು ಹೋಗಿ ಗೇಟಿನ ಹೊರಗೆ ನಿಲ್ಲಬಹುದಿತ್ತು. ಆ ಮಾತ್ರೆಯನ್ನೂ ನಾನು ಡೆಲಿವರಿ ಹುಡುಗನ ಕೈಲಿ ಕಳಿಸಿದೆ.

ದಿನಾ ಎರಡು ಹೊತ್ತು ಫೋನ್ ಮಾಡುತ್ತಿದ್ದೆ. ಊಟ ಆಯ್ತಾ ಅತ್ತೆ, ಮಾತ್ರೆ ತಗೊಂಡ್ರಾ, ನಿದ್ದೆ ಬಂತಾ. ಅತ್ತೆ ಹೂಂ ಅನ್ನೋರು. ಫೋನಿನಲ್ಲಿ ಸುಮ್ನೆ ಇರೋಕೆ ಆಗಲ್ಲ ಅಲ್ವಾ? ಆ ಕಡೆ ಸದ್ದಿಲ್ಲ ಅಂದರೆ ಹಲೋ ಹಲೋ ಅನ್ನುತ್ತೇವೆ. ಹಾಗಾಗಿ ಖಾಲಿ ಜಾಗವನ್ನೆಲ್ಲ ನಾನೇ ತುಂಬುತ್ತಿದ್ದೆ. ಧೈರ್ಯ ತಗೊಳ್ಳಿ, ಎಲ್ಲರ ಮನೇಲೂ ಹೀಗೇ ಆಗ್ತಿದೆ, ಮಾವ ಜಾಸ್ತಿ ನರಳಲಿಲ್ಲ. ಆ ಒಂದು ತಿಂಗಳಲ್ಲಿ ಅತ್ತೆ ನನ್ನ ಹತ್ತಿರ ಮಾವನ ಬಗ್ಗೆ ಒಂದು ಪೂರ್ತಿ ವಾಕ್ಯ ಆಡಿದ್ದು ನೆನಪಿಲ್ಲ. ತುಂಬಾ ಗಟ್ಟಿ ಹೆಂಗಸು ಅಂದುಕೊಂಡೆ. ಅವರ ಮಗಳಿಗೂ ಹಾಗೇ ಹೇಳಿದೆ. "ಅಮ್ಮ ಚೆನ್ನಾಗಿದ್ದಾರೆ, ಅಳೋದೇ ಇಲ್ಲ."

ಜೂನ್ ಮೊದಲ ವಾರದಲ್ಲಿ ಒಂದು ಸುದ್ದಿ ಓದಿದೆ. ಬೆಂಗಳೂರಿನಲ್ಲಿ ಯಾರೂ ಬಂದು ತಗೊಂಡು ಹೋಗದೆ ಉಳಿದಿದ್ದ 500ಕ್ಕೂ ಹೆಚ್ಚು ಜನರ ಅಸ್ಥಿಯನ್ನು ಸರ್ಕಾರವೇ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯಲ್ಲಿ ಕಾವೇರಿಗೆ ಬಿಟ್ಟಿತು. ಆಗ ಕಂದಾಯ ಸಚಿವರಾಗಿದ್ದ ಆರ್. ಅಶೋಕ್ ಅವರೇ ನಿಂತು ಮಾಡಿಸಿದರು. ಇದೆಂಥ ಮಕ್ಕಳು, ತಂದೆ ತಾಯಿಯ ಅಸ್ಥಿಯನ್ನೂ ತಗೊಂಡು ಹೋಗಲಿಲ್ಲವಲ್ಲ ಅಂತ ಫೋನಿನಲ್ಲಿ ಅತ್ತೆಗೆ ಹೇಳಿದೆ. ಅತ್ತೆ ಸ್ವಲ್ಪ ಹೊತ್ತು ಬಿಟ್ಟು ಅಂದರು. "ಅವರೂ ಎಲ್ಲಿ ಮಲಗಿದ್ರೋ. ಯಾವ ಆಸ್ಪತ್ರೇಲಿದ್ರೋ." ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಜೂನ್ 14ಕ್ಕೆ ನಿರ್ಬಂಧ ಸಡಿಲವಾಯಿತು. ಮಾರನೇ ದಿನ ಹೋದೆ.

ಅತ್ತೆ ಬಾಗಿಲು ತೆಗೆದರು. ಸೊರಗಿದ್ದರು. ಆದರೆ ನಾನು ಹೆದರಿದ್ದ ಹಾಗೆ ಕುಸಿದಿರಲಿಲ್ಲ. ಹಾಲ್‌ನಲ್ಲಿ ಕೂತೆವು. ಮುಂಚೆ ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಯೋಚಿಸಿದ್ದೆ, ಎದುರಿಗೆ ಕೂತಾಗ ಒಂದೂ ಬರಲಿಲ್ಲ. ಆಗ ಗೇಟಿನ ಹತ್ತಿರ "ಅಕ್ಕಾ" ಅಂತ ದನಿ ಕೇಳಿತು.

ಹೂವಿನಮ್ಮ. ರಾಮಾಂಜನೇಯ ಗುಡ್ಡದ ಹತ್ತಿರ ಹೂ ಮಾರುವವರು. ಗುಟ್ಟಹಳ್ಳಿ ಕಡೆ ಮನೆ. ನಾನು ಕಾಲೇಜಿಗೆ ಹೋಗುವಾಗ ಅವರ ಹತ್ತಿರ ಕನಕಾಂಬರ ತಗೊಳ್ಳುತ್ತಿದ್ದೆ. ಲಾಕ್‌ಡೌನ್‌ನಲ್ಲಿ ದೇವಸ್ಥಾನ ಮುಚ್ಚಿತು, ಮದುವೆ ನಿಂತಿತು. ಮೊಳ ಹಾಕಿ ಮಾರಲು ಹೂವೂ ಇಲ್ಲ, ಕೊಳ್ಳುವವರೂ ಇಲ್ಲ. ಬೆಳಿಗ್ಗೆ ಆರರಿಂದ ಹತ್ತರವರೆಗೆ ಅಂಗಡಿಗೆ ಬಿಡುತ್ತಿದ್ದರಲ್ಲ, ಆ ಹೊತ್ತಲ್ಲಿ ಸೊಪ್ಪು ಮಾರುತ್ತಿದ್ದರಂತೆ. ಮಾರಿ ಉಳಿದದ್ದರಲ್ಲಿ ಒಂದು ಕಟ್ಟು ತಂದು ಅತ್ತೆಯ ಗೇಟಿಗೆ ಸಿಕ್ಕಿಸಿ, ರಸ್ತೆಯ ಆಚೆ ಬದಿ ಹೊಂಗೆ ಮರದ ಕೆಳಗೆ ನಿಲ್ಲುತ್ತಿದ್ದರಂತೆ. ಅತ್ತೆ ಮಾಸ್ಕ್ ಹಾಕಿಕೊಂಡು ವರಾಂಡಕ್ಕೆ ಬರೋರು.

ಮೊದಲನೇ ದಿನ ಹೂವಿನಮ್ಮ ಕೇಳಿದ್ದು ಒಂದೇ. "ಅಣ್ಣಾರಿಗೆ ಹೇಗಾಯ್ತಕ್ಕಾ?"

ಅತ್ತೆ ಜೋರಾಗಿ ಮಾತಾಡಿದವರೇ ಅಲ್ಲ. ಪಕ್ಕದ ಕೋಣೆಗೂ ಕೇಳದ ದನಿ ಅವರದು. ಅಂಥವರು ವರಾಂಡದಲ್ಲಿ ನಿಂತು, ರಸ್ತೆ ದಾಟಿ ಕೇಳುವ ಹಾಗೆ, ಗಂಡನ ಸಾವನ್ನು ಕೂಗಿ ಕೂಗಿ ಹೇಳಿದರಂತೆ. ಜ್ವರ ಬಂದದ್ದು ಹೇಳುವಷ್ಟರಲ್ಲಿ ಹತ್ತು ಗಂಟೆಯಾಯಿತು, ಪೊಲೀಸ್ ಜೀಪು ಬಂತು. ಹೂವಿನಮ್ಮ ಮಾರನೇ ದಿನ ಬಂದು, "ಆಮೇಲೆ?" ಅಂದರಂತೆ. ಹೀಗೆ ಇಪ್ಪತ್ತು ದಿನ. ಕಥೆ ಮುಗಿದ ಮೇಲೆ ಮತ್ತೆ ಮೊದಲಿಂದ. ಬೀದಿಯವರೆಲ್ಲ ಕಿಟಕಿಯಲ್ಲಿ ನಿಂತು ಕೇಳುತ್ತಿದ್ದರಂತೆ. ಮೂರು ನಾಲ್ಕು ಮನೆಯವರು ಅವರವರ ಬಾಗಿಲಿಂದಲೇ ಕೇಳೋಕೆ ಶುರು ಮಾಡಿದರಂತೆ.

ಅತ್ತೆಯ ಮನೆ ಬಸವನಗುಡಿಗೆ ಅಂಟಿಕೊಂಡಂತೆ ಇದೆ. ಬಸವನಗುಡಿ, ಮಲ್ಲೇಶ್ವರ ಎರಡೂ 1898ರ ಪ್ಲೇಗ್ ಆದ ಮೇಲೆ ಬೆಳೆದ ಬಡಾವಣೆಗಳು. ಜನ ಒತ್ತೊತ್ತಾಗಿ ಇರಬಾರದು ಅಂತ ಅಗಲ ರಸ್ತೆ ಬಿಟ್ಟು ಕಟ್ಟಿದ್ದು. ನಮ್ಮ ಅಜ್ಜಿಯೂ ಪ್ಲೇಗಿನ ಕಥೆ ಹೇಳುತ್ತಿದ್ದರು. ಮನೆಯಲ್ಲಿ ಇಲಿ ಬಿದ್ದರೆ ಊರಿಗೆ ಊರೇ ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರಂತೆ. ಗುಡಿಸಲಿನಿಂದ ಗುಡಿಸಲಿಗೆ ಹೀಗೇ ಕೂಗಿ ಕೇಳುತ್ತಿದ್ದರೇನೋ ಅಂತ ಈಗ ಅನ್ನಿಸುತ್ತೆ. ಅಜ್ಜಿಯನ್ನು ಕೇಳಬೇಕಿತ್ತು, ಕೇಳಲಿಲ್ಲ.

ಹೂವಿನಮ್ಮ ಹೋದ ಮೇಲೆ ನಾನು ಅತ್ತೆಯ ಪಕ್ಕ ಕೂತೆ. ನನಗೆ ಎಲ್ಲ ಗೊತ್ತಿತ್ತು. ಯಾವ ದಿನ ಜ್ವರ, ಎಷ್ಟು ಗಂಟೆಗೆ ಎಷ್ಟು ಆಕ್ಸಿಜನ್, ಎಲ್ಲ ನನ್ನ ಫೋನಿನಲ್ಲೇ ಇತ್ತು. ಆದರೂ ಕೇಳಿದೆ.

"ಹೇಗಾಯ್ತು ಅತ್ತೆ?"

ಎರಡು ಗಂಟೆ ಮಾತಾಡಿದರು. ನನಗೆ ಗೊತ್ತಿದ್ದದ್ದು ಅಂಕಿ ಮಾತ್ರ ಅಂತ ಆಗ ತಿಳಿಯಿತು. ಆಂಬುಲೆನ್ಸಿಗೆ ಹತ್ತಿಸುವಾಗ ಮಾವ ಮಾಸ್ಕ್ ಸರಿಸಿ, "ಗ್ಯಾಸ್ ಆಫ್ ಮಾಡಿದ್ಯಾ?" ಅಂತ ಕೇಳಿದರಂತೆ. ಅದೇ ಕೊನೆಯ ಮಾತು. ಅತ್ತೆ ಒಳಗೆ ಓಡಿ ನೋಡಿದರೆ ಒಲೆ ಆರಿಸಿಯೇ ಇತ್ತು. ಅದನ್ನು ಹೇಳೋಣ ಅಂತ ಹೊರಗೆ ಬರುವಷ್ಟರಲ್ಲಿ ಬಾಗಿಲು ಹಾಕಿದ್ದರು. "ಆಫ್ ಮಾಡಿದೀನಿ ಅಂತ ಹೇಳ್ಲೇ ಇಲ್ಲ ಕಣೇ. ಅದನ್ನೇ ಯೋಚನೆ ಮಾಡ್ಕೊಂಡು ಹೋದ್ರೇನೋ." ಅತ್ತೆ ಇದನ್ನು ಹೇಳಿ ಅತ್ತರು, ನಾನೂ ಅತ್ತೆ. ಸ್ವಲ್ಪ ಹೊತ್ತು ಬಿಟ್ಟು ಅವರೇ ಕಣ್ಣೊರೆಸಿಕೊಂಡು, "ಹೂವಿನವಳಿಗೆ ಮೊದಲನೇ ಸಲ ಹೇಳ್ದಾಗ ಉಸಿರೇ ನಿಂತೋಗಿತ್ತು. ಈಗ ಹೇಳೋಕೆ ಬರುತ್ತೆ" ಅಂದರು.

ಹತ್ತೊಂಬತ್ತನೇ ವಯಸ್ಸಿನಲ್ಲಿ ನಾನು ಎಣಿಸಿದ ಹನ್ನೊಂದು ಸಲ ನೆನಪಾಯಿತು. ಆ ತಾಯಿ ಹನ್ನೊಂದನೇ ಸಲ ಹೇಳುವಾಗ ಮೊದಲಿನಷ್ಟು ತಡವರಿಸುತ್ತಿರಲಿಲ್ಲ. ನಾನು ಅಳುವನ್ನು ಎಣಿಸಿದ್ದೆ, ಅದನ್ನು ಗಮನಿಸಿರಲಿಲ್ಲ. ಸಾವಿನ ಮನೆಗೆ ಹೋದವರು ಏನೂ ಹೇಳಬೇಕಾಗಿಲ್ಲ. ಅದಕ್ಕೇ ಆ ಪದ ಮಾತಾಡುವುದು ಅಂತಿಲ್ಲ, ಮಾತಾಡಿಸುವುದು ಅಂತಿದೆ. ಕೋವಿಡ್‌ನಲ್ಲಿ ಎಷ್ಟೋ ಮನೆಗಳಲ್ಲಿ ಸಾವು ಆಯಿತು, ಹಾಲು-ತುಪ್ಪ ಆಗಲಿಲ್ಲ, ತಿಥಿ ಆಗಲಿಲ್ಲ ಅಂತ ಕೊರಗುತ್ತೇವೆ. ಅವನ್ನು ತಡವಾಗಿಯಾದರೂ ಮಾಡಿಕೊಂಡವರಿದ್ದಾರೆ. ಆದರೆ ಯಾರೂ ಬಂದು ಕೇಳದೇ ಉಳಿದ ಮನೆಗಳು ಎಷ್ಟಿವೆಯೋ. ನನ್ನ ಆಫೀಸಿನಲ್ಲೇ ಒಬ್ಬರಿದ್ದಾರೆ. 2021ರಲ್ಲಿ ತಮ್ಮನನ್ನು ಕಳೆದುಕೊಂಡವರು. ಮೂರು ವರ್ಷ ಆದ ಮೇಲೆ ಒಂದು ಮಧ್ಯಾಹ್ನ ಊಟದ ಡಬ್ಬಿ ಮುಂದೆ ಇಟ್ಟುಕೊಂಡು ನಾನು ಕೇಳಿದೆ. ಅವರು ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟು, ನಾಲ್ಕು ಗಂಟೆಯವರೆಗೆ ಹೇಳಿದರು.

ಮಾವನ ಅಸ್ಥಿಯನ್ನು ಆ ಜೂನ್‌ನಲ್ಲೇ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಟ್ಟೆವು. ಮಳೆ ಬಿದ್ದು ಬಿಳಿ ಬಟ್ಟೆ ಹಸಿರುಗಟ್ಟಿತ್ತು. ದಸರಾ ಆದ ಮೇಲೆ ಊರಿಂದ ಒಂದು ಟೆಂಪೋ ಟ್ರಾವೆಲರ್ ಮಾಡಿಕೊಂಡು ಹದಿನಾಲ್ಕು ಜನ ಬಂದರು, ತೆಂಗಿನಕಾಯಿ, ನುಗ್ಗೆಕಾಯಿ ಹೊತ್ತುಕೊಂಡು. 2020ರಲ್ಲಿ ಮಾವ ಬಸ್ ಹತ್ತಿ ಹೋಗಿ ಕೇಳಿಬಂದಿದ್ದರಲ್ಲ, ಆ ಮನೆಯ ಹೆಂಗಸು ಎಲ್ಲರಿಗಿಂತ ಮುಂದೆ ಇಳಿದರು. ಹದಿನಾಲ್ಕು ಜನವೂ ಕೇಳಿದರು. ಡಿಸೆಂಬರ್‌ನಲ್ಲಿ ಮೆಲ್ಬರ್ನ್‌ನಿಂದ ಮಗಳು ಬಂದಳು. ಅವಳು ಕೇಳಿದಾಗ ನಾನು ಎದ್ದು ಅಡುಗೆಮನೆಗೆ ಹೋದೆ. ಕಾಫಿ ಮೂರು ಸಲ ಬಿಸಿ ಮಾಡಬೇಕಾಯಿತು.

ಖಾಕಿ ಚೀಲ ಈಗ ಅತ್ತೆಯದು. ಒಳಗೆ ಪಂಚೆಯ ಬದಲು ಒಂದು ಸೀರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾದ ಮೇಲೆ ಚಿಲ್ಲರೆಯ ಜಾಗದಲ್ಲಿ ಆಧಾರ್ ಕಾರ್ಡ್ ಇದೆ. ಮಂಡಿ ನೋವಿರುವುದರಿಂದ ಒಬ್ಬರನ್ನೇ ಕಳಿಸುವುದಿಲ್ಲ, ನಾನೂ ಹೋಗುತ್ತೇನೆ. ರಜೆ ಹಾಕಿಯಾದರೂ.

ಹೋದ ತಿಂಗಳು ಹೂವಿನಮ್ಮನ ತಾಯಿ ತೀರಿಕೊಂಡರು, ಕನಕಪುರದ ಕಡೆ ಹಳ್ಳಿಯಲ್ಲಿ. ನಾವು ಹೋಗುವಷ್ಟರಲ್ಲಿ ಮಣ್ಣಾಗಿತ್ತು. ಹಟ್ಟಿಯ ಮುಂದೆ ಚಾಪೆ ಹಾಸಿದ್ದರು. ಹೂವಿನಮ್ಮ ಗೋಡೆಗೆ ಒರಗಿ ಕೂತಿದ್ದರು, ತಲೆ ಎತ್ತಲಿಲ್ಲ. ಅತ್ತೆ ಕಷ್ಟಪಟ್ಟು ಮಂಡಿ ಮಡಚಿ ಅವರ ಪಕ್ಕ ಕೂತು, ಕೈ ತಗೊಂಡು ತಮ್ಮ ತೊಡೆ ಮೇಲೆ ಇಟ್ಟುಕೊಂಡರು.

"ಹೇಗಾಯ್ತಮ್ಮ?"

ಹೂವಿನಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮಂಗಳವಾರ ಬೆಳಿಗ್ಗೆಯಿಂದ ಶುರು ಮಾಡಿದರು.